ಕಟ್ಟೆಯ ಮೇಲಿನ ಕಂಬಳಿ

ಕೊಟ್ಟೂರಿನ ನಮ್ಮ ಮನೆಗೆ ನೀವು ಬಂದರೆ ಮೊದಲು ಕಾಣುವುದು ಹೊರಗಟ್ಟೆಯ ಮೇಲೆ ಹಾಸಿದ ಕರಿಕಂಬಳಿ, ಅದರ ನಡುವೆ ಕಣ್ಣು ಮುಚ್ಚಿ ಕುಳಿತ ಚಿನ್ನಿ ಎಂಬ ಬೆಕ್ಕು. ನಿಮಗೆ ಸಿಗುವುದು ಪ್ಲಾಸ್ಟಿಕ್ ಕುರ್ಚಿ. ಬೇಸರಿಸಬೇಡಿ. ಕುರಿ ಸಾಕುವ ನಮ್ಮ ಕಡೆ ಕಂಬಳಿ ಹಾಸುವುದೆಂದರೆ ದೇವರಿಗೆ, ಇಲ್ಲವೇ ದೊಡ್ಡವರಿಗೆ; ಬೆಕ್ಕಿಗೆ ಆ ಯೋಗ ಬಂದದ್ದು ಹೇಗೆಂದು ಚಹಾ ಬರುವವರೆಗೆ ಹೇಳುತ್ತೇನೆ, ಕೇಳಿ.

ಹರಪನಹಳ್ಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲೇ ನನಗೆ ಸೀನು ಹತ್ತಿತು. ಸೀನು ಕೆಮ್ಮಾಯಿತು, ಕೆಮ್ಮು ಉಬ್ಬಸವಾಯಿತು. ಉಸಿರೆಳೆದರೆ ಎದೆಯೊಳಗೆ ಯಾರೋ ಪೀಪಿ ಊದಿದ ಸದ್ದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನಮ್ಮ ಮನೆಯ ಇಲಿಗಳನ್ನು ಚಿನ್ನಿ ಎಂದೋ ತೀರಿಸಿದ್ದರಿಂದ ಆ ಸರದಿ ನನ್ನದಾಗಿತ್ತು. ಕಾರಣ ಬೆಕ್ಕೇ ಎಂದು ಡಾಕ್ಟರು ಹೇಳಿದ ದಿನ ಅತ್ತೆ ಅದನ್ನು ಬುಟ್ಟಿಯಲ್ಲಿಟ್ಟು ಹಿರೇಹಡಗಲಿಯ ಮಗಳ ಮನೆಗೆ ಬಿಟ್ಟು ಬಂದರು. ಮಾವ ತೀರಿದ ಮೇಲೆ ಅತ್ತೆಯ ಮಗ್ಗುಲಲ್ಲಿ ಮಲಗುತ್ತಿದ್ದ ಜೀವ ಅದೊಂದೇ. ಆ ಸಂಜೆ ರೂಢಿಯಂತೆ ಮೂಲೆಯ ತಟ್ಟೆಗೆ ಹಾಲು ಸುರಿದು, ನೆನಪಾಗಿ, ತಟ್ಟೆಯನ್ನೆತ್ತಿ ಹಿತ್ತಲಿಗೆ ಒಯ್ದರು. ನನಗೆ ಭೂಮಿಗಿಳಿದು ಹೋದಂತಾಯಿತು.

ಬೆಕ್ಕು ಹೋಯಿತು, ಉಬ್ಬಸ ಮಾತ್ರ ಹೋಗಲಿಲ್ಲ. ಎದೆ ಬೆಚ್ಚಗಿರಲೆಂದು ಅತ್ತೆ ತಾವು ಹೊದೆಯುತ್ತಿದ್ದ ತವರಿನ ಕಂಬಳಿಯನ್ನೇ ತಂದರು.

"ಬೆಚ್ಚಗ ಮಲ್ಕೊ ಯವ್ವಾ, ಇದರ ಮುಂದ ಯಾವ ಥಂಡೀನೂ ನಿಲ್ಲಂಗಿಲ್ಲ."

ಎಂದೂ ನೀರು ಕಾಣದ ಕಂಬಳಿ ಅದು. ಒಗೆದರೆ ಅದರೊಳಗಿನ ದೇವರ ಸತ್ವ ಹೋಗುತ್ತದೆಂದು ಅವರು ಕೊಡವಿ ಬಿಸಿಲಿಗೆ ಹಾಕುತ್ತಿದ್ದರಷ್ಟೇ. ನನ್ನ ತಲೆಯ ಬಳಿಯೇ ಅದನ್ನು ಕೊಡವಿ, ಮೂಗಿನವರೆಗೆ ಎಳೆದು ಹೊದಿಸಿದ ಪ್ರೀತಿಯನ್ನು ಬೇಡವೆನ್ನಲು ಯಾವ ಸೊಸೆಗೆ ಬಾಯಿ ಬಂದೀತು?

ಉಬ್ಬಸ ಇನ್ನೂ ಹೆಚ್ಚಿ ಮತ್ತೆ ಹೋದಾಗ ಡಾಕ್ಟರು, "ಬೆಕ್ಕು ಎಲ್ಲಿ ಮಲಗ್ತಿತ್ರಿ?" ಎಂದು ಕೇಳಿದರು.

"ನನ್ನ ಕಂಬಳಿ ಮ್ಯಾಲ್ರಿ," ಎಂದ ಅತ್ತೆ ನನ್ನ ಮುಖ ನೋಡಿದರು.

ತಂಟೆ ಬರಿ ಕೂದಲಿನದಲ್ಲ, ಎಂಜಲಿನದೂ ಹೌದಂತೆ. ಬೆಕ್ಕು ಹೊತ್ತುಹೊತ್ತಿಗೆ ಮೈ ನೆಕ್ಕಿಕೊಳ್ಳುತ್ತದೆ. ಒಣಗಿದ ಎಂಜಲು ಚರ್ಮದ ಹೊಟ್ಟಿನೊಂದಿಗೆ ಉದುರಿ ಬಟ್ಟೆಬರೆಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಬೆಕ್ಕು ಊರು ಬಿಟ್ಟರೂ ಅದು ಮನೆ ಬಿಡುವುದಿಲ್ಲ. ತಟ್ಟೆ, ಲೋಟ, ಸೌಟು ಎಂದು ಎಂಜಲಿಗೆ ಇಷ್ಟೊಂದು ಶಾಸ್ತ್ರ ಮಾಡಿಕೊಂಡ ನಾವು, ಬೆಕ್ಕು ಸ್ನಾನ ಮಾಡುತ್ತಿದೆಯೆಂದು ಮೆಚ್ಚಿ ನೋಡುತ್ತ ಕೂತಿದ್ದೆವಲ್ಲ!

ಮನೆಗೆ ಬಂದವರೇ ಅತ್ತೆ ಕಂಬಳಿಯನ್ನು ನೀರಿಗೆ ಹಾಕಿದರು. "ದೇವ್ರು ಏನೂ ಅನ್ನಂಗಿಲ್ಲ ಬಿಡು. ಉಸಿರು ಕೊಟ್ಟಾವ ಅವನ ಅಲ್ಲೇನು?" ಎಂದರು. ಜಾಗ್ರತೆ ಮಾಡಿದರೆ ಬೆಕ್ಕನ್ನೂ ಇಟ್ಟುಕೊಳ್ಳಬಹುದೆಂದು ಡಾಕ್ಟರು ಹೇಳಿದ್ದರಿಂದ, "ಚಿನ್ನೀನ ಕರ್ಕೊಂಡು ಬರೂಣ್ರಿ ಅತ್ತಿ," ಎಂದೆ. ಅವರು ಒಲ್ಲೆಂದರು, ನಾನು ಹಟ ಹಿಡಿದೆ.

ಈಗ ಚಿನ್ನಿಯ ವಾಸ ಕಟ್ಟೆಯ ಮೇಲೆ, ಒಗೆದು ಹಾಸಿದ ಅದೇ ಕಂಬಳಿಯಲ್ಲಿ. ನನ್ನ ಕೋಣೆ ಅದರ ಪಾಲಿಗೆ ಉಚ್ಚಂಗಿದುರ್ಗದ ಕೋಟೆ, ಏರಿ ಬರುವಂತಿಲ್ಲ. ಕಸಬರಿಗೆಯ ಧೂಳೆಬ್ಬಿಸದೆ ನೆಲಕ್ಕೆ ಒದ್ದೆ ಬಟ್ಟೆ, ಬೆಕ್ಕಿನ ಮೈಗೂ ಒದ್ದೆ ಬಟ್ಟೆ. ಸೀನು ಪೂರ್ತಿ ಹೋಗಿಲ್ಲ, ಔಷಧಿಯೂ ನಿಂತಿಲ್ಲ, ಪೀಪಿ ಮಾತ್ರ ನಿಂತಿದೆ. ಎಲ್ಲಕ್ಕಿಂತ ನಾನು ಮೆಚ್ಚುವುದು ಅತ್ತೆಯನ್ನು. ಬೆಕ್ಕನ್ನು ಮನಸಾರೆ ಮುದ್ದಿಸಿದ ಮೇಲೆ ಕೈ ತೊಳೆದು, ಸೀರೆ ಬದಲಿಸಿ, ಆಮೇಲೆಯೇ ನನ್ನ ಹೊಸ್ತಿಲು ದಾಟುತ್ತಾರೆ. ಒಂದು ದಿನವೂ ಬೇಸರಿಸಿದ್ದಿಲ್ಲ.

"ಬೆಕ್ಕಿಗೆ ಏನ್ ಮರ್ಯಾದಿ ಐತ್ರಿ ನಿಮ್ಮನ್ಯಾಗ!" ಎಂದು ಬಂದವರು ನಗುತ್ತಾರೆ. ಅತ್ತೆಯೂ ನಗುತ್ತಾರೆ, ಕಾರಣ ಹೇಳುವುದಿಲ್ಲ. ತವರಿನ ಕಂಬಳಿಯನ್ನು ಅವರು ಹೊಸ್ತಿಲಾಚೆ ಇಟ್ಟದ್ದು ಯಾರಿಗಾಗಿ ಎಂದು ನನಗೆ ಗೊತ್ತು. ಅದರ ಮೇಲೆ ಕೂತಿರುವುದು ಬೆಕ್ಕು, ಹಾಸಿರುವುದು ನನಗೆ.