ಅವೆರ್ಯಾನನಿಗೆ ಬೇಕಾಗಿದ್ದ ಆಕ್ಷೇಪಣೆ

ಲಿಫ್ಟ್ ರಿಪೇರಿಯ ಅವೆರ್ಯಾನ್ ಕಪಿತೋನೊವಿಚ್‌ಗೆ ಪರಮಸತ್ಯ ಹೊಳೆದದ್ದು ನಾಲ್ಕನೇ ಮತ್ತು ಐದನೇ ಮಹಡಿಗಳ ನಡುವೆ, ತಾನೇ ರಿಪೇರಿ ಮಾಡಿದ ಲಿಫ್ಟಿನಲ್ಲಿ ಐದು ಗಂಟೆ ಸಿಕ್ಕಿಬಿದ್ದಿದ್ದಾಗ. ಜಗತ್ತು ಇನ್ನೂ ಶುರುವೇ ಆಗಿಲ್ಲ. ನಾವು ಕಾಣುತ್ತಿರುವುದೆಲ್ಲ ಬರೀ ಅದಕ್ಕಾಗಿ ಕಾಯುವಿಕೆ. ಹೊರಗೆ ಬಂದವನು ಹನ್ನೊಂದು ವರ್ಷ ಅಡುಗೆಮನೆಯಲ್ಲಿ, ಉಪ್ಪುನೀರಿನ ಸೌತೆಕಾಯಿ ಜಾಡಿಗಳ ನಡುವೆ ಕೂತು, ಈ ಸತ್ಯವನ್ನು ಮುನ್ನೂರ ಹನ್ನೆರಡು ಪುಟಗಳಿಗೆ ಹಿಗ್ಗಿಸಿದ. ಕಾಮಾ ನದಿಯ ದಂಡೆಯ ಅವನ ಊರಿನಿಂದ ಹೊರಟ ಗ್ರಂಥ ಮೂರು ನಗರಗಳ ಪ್ರಕಾಶಕರನ್ನು ಸಂದರ್ಶಿಸಿ ಕ್ಷೇಮವಾಗಿ ಹಿಂದಿರುಗಿತು. ಹೆಂಡತಿ ಗ್ಲಫೀರ ಒಂಬತ್ತನೇ ಪುಟ ದಾಟಿದವಳಲ್ಲ. ನಿದ್ದೆ ಬಾರದ ದಿನ ಮಾತ್ರ ತಾನೇ ಕೇಳಿ ಓದಿಸಿಕೊಳ್ಳುತ್ತಿದ್ದಳು.

ಅವನಿಗೆ ಹೊಗಳಿಕೆ ಬೇಕಿರಲಿಲ್ಲ. ಕೊನೆಯ ಪುಟದವರೆಗೆ ಕೇಳಿ, ಒಂದೇ ಒಂದು ಆಕ್ಷೇಪಣೆ ಎತ್ತುವ ಜೀವ ಬೇಕಿತ್ತು. ಎದುರಾಳಿಯೇ ಇಲ್ಲದ ಜಟ್ಟಿ ಅಖಾಡದಲ್ಲಿ ಎಷ್ಟು ಹೊತ್ತು ತೊಡೆ ತಟ್ಟಿಯಾನು?

ಜನ ಎದ್ದು ಓಡದೆ ಕೂತಿರುವ ಜಾಗ ಊರಲ್ಲಿ ಒಂದೇ: ಹಲ್ಲಿನ ಆಸ್ಪತ್ರೆಯ ಸರದಿ. ಬಂದವರು "ಕೊನೆಯವರು ಯಾರು?" ಎಂದು ಕೇಳಿ ಕೂರುತ್ತಾರೆ. ನಿವೃತ್ತ ಕಾವಲುಗಾರ ಪೊರ್ಫೀರಿ, ಯಾರೂ ನೇಮಿಸದಿದ್ದರೂ, ಪಟ್ಟಿ ಬರೆದು ಗಂಟೆಗೊಮ್ಮೆ ಹಾಜರಿ ಕೂಗುತ್ತಾನೆ. ಓಗೊಡದವನ ಹೆಸರು ಹೊಡೆದನೋ ಮುಗಿಯಿತು, ದೇವರೇ ಬಂದರೂ ಬಾಲದಿಂದಲೇ ಶುರು.

ಅಲ್ಲಿ ಸಿಕ್ಕಿದ್ದಳು ಯೆವ್ಲಾಂಪಿಯ, ಕ್ರೇನ್ ಓಡಿಸಿ ನಿವೃತ್ತಳಾದವಳು, ಊದಿದ ಕೆನ್ನೆಗೆ ಶಾಲು ಬಿಗಿದಿದ್ದಳು. ಡಾಕ್ಟರು ದಿನಕ್ಕೆ ಆರೇ ಜನರನ್ನು ನೋಡುತ್ತಿದ್ದರಿಂದ ಅವಳಿಗದು ಮೂರನೆಯ ದಿನ. ಅವೆರ್ಯಾನ್ ಹಿಂದಿನವರನ್ನೆಲ್ಲ ಮುಂದೆ ಬಿಡುತ್ತ, ಅವಳ ಪಕ್ಕ ಬಿಡದೆ ಗ್ರಂಥ ಓದಿ ಹೇಳುತ್ತ, ಮುನ್ನೂರ ಒಂಬತ್ತನೇ ಪುಟ ಮುಟ್ಟಿದ್ದ. ಆಗ ಪೊರ್ಫೀರಿ ಎದುರು ಬಂದು ನಿಂತ.

"ಏನ್ರೀ ಕಪಿತೋನಿಚ್, ಮೂರು ದಿನದಿಂದ ನೋಡ್ತಿದೀನಿ, ಭಾರೀ ದಾನಶೂರರು ನೀವು! ಪಟ್ಟಿ ಇರೋದು ರೋಗಿಗಳಿಗೆ. ಯಾವ ಹಲ್ಲು ನೋವು?"

"ಇದು... ಈ ಕಡೇದು."

"ಈಗಷ್ಟೇ ಆ ಕಡೆ ಬನ್ ಅಗೀತಿದ್ರಲ್ಲ! ನಿಮ್ಮ ಸರದಿ ಬಂತು. ಒಳಗೆ ನಡೀರಿ. ಇಲ್ಲಾಂದ್ರೆ ಹೆಸರು ಹೊಡೆದು ಬೀದಿಗೆ ಕಳಿಸ್ತೀನಿ."

ಬೀದಿಗೆ! ಮೂರು ಪುಟ ಬಾಕಿಯಿರುವಾಗ! ಅವೆರ್ಯಾನ್ ಹಸ್ತಪ್ರತಿಯನ್ನು ಯೆವ್ಲಾಂಪಿಯಳ ಮಡಿಲಿಗಿಟ್ಟು, ರಣರಂಗಕ್ಕೆ ಹೊರಟ ವೀರನಂತೆ ಒಳಹೊಕ್ಕ.

"ಕುದುರೆ ಹಲ್ಲಿನ ಹಾಗೆ ಗಟ್ಟಿ ಕಣ್ರೀ ನಿಮ್ಮವು," ಎಂದರು ಡಾಕ್ಟರಮ್ಮ. "ಯಾವ್ದು ಕೀಳ್ಲಿ?"

"ನಿಮಗೆ ಯಾವ್ದು ಕೈಗೆ ಸಿಗುತ್ತೋ ಅದು, ತಾಯಿ. ಬೇಗ ಆದ್ರೆ ಸಾಕು."

ಹೀಗೆ ತತ್ತ್ವಶಾಸ್ತ್ರಕ್ಕಾಗಿ ಒಂದು ಆರೋಗ್ಯವಂತ ದವಡೆಹಲ್ಲು ಪ್ರಾಣಬಿಟ್ಟಿತು. ಹತ್ತಿ ಕಚ್ಚಿಕೊಂಡು ಹೊರಬಂದವನು ಪುಟ ಬಿಡಿಸಿ ಓದಲು ಬಾಯಿ ತೆರೆದರೆ ಬಂದದ್ದು "ಹ್ವಾ" ಮಾತ್ರ. ಚುಚ್ಚುಮದ್ದಿಗೆ ನಾಲಿಗೆ ಮರಗಟ್ಟಿತ್ತು.

"ಕೊಡಿ ಇಲ್ಲಿ ಪುಣ್ಯಾತ್ಮ," ಎಂದು ಯೆವ್ಲಾಂಪಿಯ ಶಾಲು ಸಡಿಲಿಸಿ, ಸೊಟ್ಟ ಬಾಯಲ್ಲೇ ಮೂರೂ ಪುಟಗಳನ್ನು ಗಟ್ಟಿಯಾಗಿ ಓದಿದಳು. ನಡುವೆ ನರ್ಸು ಬಾಗಿಲು ತೆರೆದು "ಮುಂದಿನವರು!" ಎಂದರೆ, ಸರದಿಗೆ ಸರದಿಯೇ "ತಡೀರೀ!" ಎಂದು ಗದರಿತು.

ಓದಿ ಮುಗಿಸಿ ಅವಳು ಕನ್ನಡಕ ತೆಗೆದಳು.

"ಅಲ್ಲಾ, ನಲವತ್ತನೇ ಪುಟದಲ್ಲಿ ಕಾಯೋನು ಮೊದಲು, ಕಾಯೋದು ಆಮೇಲೆ ಅಂದ್ರಿ. ಇಲ್ಲಿ ನೋಡಿದ್ರೆ ಕಾಯೋದೇ ಮೊದಲು, ಅದೇ ಕಾಯೋನನ್ನ ಹುಟ್ಟಿಸ್ತು ಅಂತೀರ. ಇಪ್ಪತ್ತೆಂಟು ವರ್ಷ ಕ್ರೇನ್ ಓಡ್ಸಿದೀನಿ. ಕೊಕ್ಕೆ ಬರೋಕ್ ಮುಂಚೆ ಭಾರ ಮೇಲೆದ್ದಿದ್ದನ್ನ ನಾನಂತೂ ಕಂಡಿಲ್ಲ."

ಪೆಟ್ಟು ನೇರ ಎದೆಗೇ ಬಿತ್ತು. ಅವೆರ್ಯಾನನ ಕಣ್ಣು ತುಂಬಿತು. ಅವನ ಬಳಿ ಭವ್ಯವಾದ ಉತ್ತರವೊಂದಿತ್ತು, ಬಂದದ್ದು ಮಾತ್ರ "ಹ್ವಾ, ಹ್ವಾ!"

"ಈಗ ಬೇಡ ಬಿಡಿ, ಜೊಲ್ಲು ಸುರೀತಿದೆ," ಎಂದಳು ಯೆವ್ಲಾಂಪಿಯ. "ಇವತ್ತು ಒಂದು ಕಿತ್ರೂ ಇನ್ನೂ ಎರಡು ಕೀಳ್ಸೋದಿದೆ ನಂಗೆ. ನಾಳೆ ಬರ್ತೀನಿ." ಒಳಗೆ ನಡೆದಳು.

ಅವೆರ್ಯಾನ್ ಪೊರ್ಫೀರಿಯ ಕೈಯಿಂದ ಪೆನ್ಸಿಲು ಕಿತ್ತು, ನಾಳೆಯ ಪಟ್ಟಿಯಲ್ಲಿ ಅವಳ ಹೆಸರು ಬರೆದು, ಅದರ ಕೆಳಗೆ ತನ್ನದನ್ನೂ ಬರೆದ.

"ಯಾವ ಹಲ್ಲು?" ಪೊರ್ಫೀರಿ ಹುಬ್ಬು ಗಂಟಿಕ್ಕಿದ.

ಅವೆರ್ಯಾನ್ ಸಂಭ್ರಮದಿಂದ ಬಾಯಿ ಅಗಲಿಸಿ, ರಕ್ತಸಿಕ್ತ ಹತ್ತಿಯ ಪಕ್ಕದ ಹಲ್ಲಿಗೆ ಬೆರಳಿಟ್ಟು ತೋರಿಸಿದ.