ಇಪ್ಪತ್ತನಾಲ್ಕನೆಯ ರೈನ್ ಗೇಜ್

ಅದು ೨೦೧೯ರ ಬೇಸಿಗೆ. ಸಕಲೇಶಪುರದಲ್ಲಿ ಕಾಫಿ ವಿಸ್ತರಣಾಧಿಕಾರಿಯಾಗಿ ನನಗೆ ಏಳನೆಯ ವರ್ಷ, ನಿವೃತ್ತಿಗೆ ಇನ್ನೆರಡು ವರ್ಷ. ತೋಟ ತೋಟ ಸುತ್ತಿ, ಯಾವಾಗ ಗೊಬ್ಬರ, ಯಾವಾಗ ನೀರು ಎಂದು ಬೆಳೆಗಾರರಿಗೆ ಸಲಹೆ ಕೊಡುವುದು ನನ್ನ ಕೆಲಸ. ಸಲಹೆ ಫಲಿಸಿದರೆ ಅದು ಬೆಳೆಗಾರರ ಅನುಭವ, ಕೈಕೊಟ್ಟರೆ ಅಧಿಕಾರಿಯ ತಪ್ಪು. ಇದಕ್ಕೆ ನಾನು ಎಂದೋ ಹೊಂದಿಕೊಂಡಿದ್ದೆ.

ನಮ್ಮ ಕಡೆ ಮಳೆ ಬಂದ ಮರುದಿನ ಯಾರೂ ಕ್ಷೇಮ ಸಮಾಚಾರ ಕೇಳುವುದಿಲ್ಲ, "ಎಷ್ಟು ಬಂತು?" ಎನ್ನುತ್ತಾರೆ. ಉತ್ತರ ಇಂಚು, ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ತೋಟಗಳು ಇನ್ನೂ ಹೋಗಿಲ್ಲ. ಅಳೆಯುವುದಕ್ಕೆ ರೈನ್ ಗೇಜ್ ಇರುತ್ತದೆ. ಮೇಲೊಂದು ಲಾಳಿಕೆ, ಕೆಳಗೆ ನೀರು ಹಿಡಿಯುವ ಡಬ್ಬ, ಜೊತೆಗೆ ಗೆರೆ ಹಾಕಿದ ಗಾಜಿನ ಲೋಟ. ಬೆಳಿಗ್ಗೆ ಡಬ್ಬದ ನೀರನ್ನು ಲೋಟಕ್ಕೆ ಸುರಿದು ಗೆರೆ ಓದಬೇಕು, ಅಷ್ಟೆ.

ವನಗೂರಿನ ಕಡೆಯ ಬೆಳೆಗಾರ ಚನ್ನವೀರಪ್ಪನವರಿಗೆ ಈ ರೈನ್ ಗೇಜುಗಳದೇ ಹುಚ್ಚು. ಹಳೆಯ ಎಸ್ಟೇಟುಗಳ ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ ತಾಮ್ರದ್ದು, ಹಿತ್ತಾಳೆಯದ್ದು, ತಗಡಿನದ್ದು ಎಲ್ಲ ಸೇರಿಸಿ, ಮೂವತ್ತು ವರ್ಷದಲ್ಲಿ ಇಪ್ಪತ್ತನಾಲ್ಕು ಕೂಡಿಹಾಕಿದ್ದರು. ಮನೆಯ ಒಂದು ಕೋಣೆ ಪೂರ್ತಿ ಅವಕ್ಕೇ ಮೀಸಲು. ಆದರೆ ಆ ವರ್ಷ ಅಣ್ಣತಮ್ಮಂದಿರಲ್ಲಿ ಪಾಲಾಗಿ ತೋಟ ಮೂರರಲ್ಲೊಂದು ಭಾಗಕ್ಕೆ ಇಳಿದಿತ್ತು, ಕಾಫಿಯ ಬೆಲೆಯೂ ಬಿದ್ದಿತ್ತು. ಮಗಳು ಅಳಿಯ ಬಂದು ಜೊತೆಗೆ ನಿಂತು, ಮನೆಯಲ್ಲೇ ಹೋಮ್‌ಸ್ಟೇ ಶುರು ಮಾಡೋಣ ಎಂದರು. ಅದಕ್ಕೆ ಗೇಜುಗಳ ಕೋಣೆ ಬೇಕೇ ಬೇಕಾಯಿತು. "ಬಂದ ನೆಂಟರು ಡಬ್ಬದೊಳಗೆ ಮಲಗ್ತಾರಾ?" ಎಂದರಂತೆ ಹೆಂಡತಿ ಗಿರಿಜಮ್ಮ.

ಗುಜರಿಯವನಿಗೆ ಹಾಕಲು ಚನ್ನವೀರಪ್ಪನವರಿಗೆ ಮನಸ್ಸು ಬರಲಿಲ್ಲ. ಸುತ್ತಲಿನ ಬೆಳೆಗಾರರನ್ನು ಕರೆಸಿ, ಎಲೆ ಅಡಿಕೆ ಇಟ್ಟು, ಮನೆಗೊಂದರಂತೆ ಹಂಚಿದರು. ಹೋಳಿಗೆ ಊಟಕ್ಕೆ ನಾನೂ ಹೋಗಿದ್ದೆ. ಪ್ರತಿ ಗೇಜಿನ ಲೋಟದಲ್ಲೂ ಗಿರಿಜಮ್ಮ ಒಂದು ಹಿಡಿ ಸಕ್ಕರೆ ತುಂಬಿಸಿದ್ದರು. ಚನ್ನವೀರಪ್ಪ ನಗುನಗುತ್ತಲೇ ಕೊಟ್ಟರು. ಎಲ್ಲ ಹೋದ ಮೇಲೆ ಮಾತ್ರ ಖಾಲಿ ಕೋಣೆಯ ಬಾಗಿಲಲ್ಲಿ ನಿಂತವರು, ಎರಡು ಸಲ ಕರೆದರೂ ಊಟಕ್ಕೆ ಬರಲಿಲ್ಲ.

ಎರಡು ವಾರಕ್ಕೆ ಹೂಮಳೆ ಬಂತು. ಬೇಸಿಗೆಯ ಈ ಮೊದಲ ಮಳೆಗೆ ಕಾಫಿಯ ಮೊಗ್ಗು ಕಾದು ಕುಳಿತಿರುತ್ತದೆ. ನಮ್ಮ ಕಡೆಯ ರೊಬಸ್ಟಾ ಕಾಫಿಗೆ ಒಂದು ಇಂಚಾದರೂ ಬೇಕು. ಅರ್ಧಕ್ಕೇ ನಿಂತರೆ ಮೊಗ್ಗು ಅರೆಬರೆ ಅರಳಿ ಒಣಗುತ್ತದೆ, ವರ್ಷದ ಫಸಲಿಗೇ ಹೊಡೆತ. ಹಾಗಾಗಿ ಮಳೆ ಕಡಿಮೆಯಾದರೆ ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರಿನಲ್ಲಿ ನೀರು ಕೊಟ್ಟು ಸರಿದೂಗಿಸಬೇಕು.

ಮರುದಿನ ಬೆಳಿಗ್ಗೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಲೆಕ್ಕ ಬರತೊಡಗಿತು. ಒಬ್ಬರ ತೋಟದಲ್ಲಿ ಐವತ್ತು ಸೆಂಟು, ಬೇಲಿಯಾಚೆ ಇಪ್ಪತ್ತು, ಅದರಾಚೆ ಇಂಚಿಗೂ ಮೇಲೆ. ನಾನು ದೊಡ್ಡ ಪಂಡಿತನಂತೆ ಬರೆದೆ: "ಗುಡ್ಡದಿಂದ ಗುಡ್ಡಕ್ಕೆ ಮಳೆ ಬೇರೆ. ನಿಮ್ಮ ನಿಮ್ಮ ಗೇಜನ್ನೇ ನಂಬಿ." ಹಲವರು ಹೆಬ್ಬೆರಳು ತೋರಿಸಿದರು.

ಚನ್ನವೀರಪ್ಪನವರ ಗೇಜು ಪಡೆದವರಲ್ಲಿ ರತ್ನಮ್ಮನೂ ಒಬ್ಬರು. ಅವರಿಗಿದ್ದದ್ದು ಮೂರೆಕರೆ ರೊಬಸ್ಟಾ. ಮನೆಖರ್ಚು, ಮಗಳ ನರ್ಸಿಂಗ್ ಓದು ಎರಡೂ ಅದರಲ್ಲೇ ನಡೆಯಬೇಕು. ಇಂಚು ಇಪ್ಪತ್ತೆಂಟು ಸೆಂಟು ಬಂದಿದೆ, ಏನು ಮಾಡಲಿ ಎಂದು ಫೋನ್ ಮಾಡಿದ್ದರು. ನೀರು ಬೇಡವೇ ಬೇಡ ಎಂದಿದ್ದೆ. ಅವರು ಬಾಡಿಗೆಗೆ ಹೇಳಿದ್ದ ಸ್ಪ್ರಿಂಕ್ಲರ್ ಸೆಟ್ಟನ್ನು ಬಿಟ್ಟುಕೊಟ್ಟರು, ಅದು ಕೆ. ಹೊಸಕೋಟೆ ಕಡೆ ಹೋಯಿತು. ಮರುದಿನ ಮತ್ತೆ ಫೋನ್.

"ಸಾರ್, ಗುದ್ದಲಿ ಹಾಕಿ ನೋಡ್ದೆ. ಎರಡು ಬೆರಳು ಕೆಳಗೆ ಬರೀ ಧೂಳು ಐತೆ. ಡಬ್ಬ ಒಂದು ಹೇಳ್ತೈತೆ, ಮಣ್ಣು ಒಂದು ಹೇಳ್ತೈತೆ. ಯಾವುದನ್ನ ನಂಬ್ಲಿ?"

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಜೀಪು ಹತ್ತಿ ಹೋದೆ. ಗೇಜಿನ ಬಾಯಿ ಅಳೆದೆ, ಎಂಟು ಇಂಚು. ಲೋಟವನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಮಾಸಿದ ಬರಹವಿತ್ತು: ಐದು ಇಂಚಿನ ಗೇಜಿಗೆ. ಗೇಜುಗಳಲ್ಲಿ ಐದು ಇಂಚು, ಎಂಟು ಇಂಚು ಎಂದು ಎರಡು ಅಳತೆ, ಒಂದೊಂದಕ್ಕೂ ಅದರದೇ ಲೋಟ. ಎಂಟು ಇಂಚಿನ ಬಾಯಿಗೆ ಬೀಳುವ ನೀರು ಐದರದ್ದಕ್ಕಿಂತ ಎರಡೂವರೆ ಪಟ್ಟಿಗೂ ತುಸು ಹೆಚ್ಚು. ಲೆಕ್ಕ ಹಾಕಿದರೆ ರತ್ನಮ್ಮನ ತೋಟಕ್ಕೆ ಬಿದ್ದದ್ದು ಐವತ್ತೇ ಸೆಂಟು. ಹೂವಿಗೆ ಉಳಿದಿದ್ದುದು ಒಂದೂವರೆ ದಿನ. ಸಲಹೆ ಕೊಟ್ಟು ಕೆಡಿಸಿದವನು ನಾನು.

ನೇರವಾಗಿ ಚನ್ನವೀರಪ್ಪನವರ ಮನೆಗೆ ಹೋಗಿ ಲೋಟ ತೋರಿಸಿದೆ. ಅವರು ಹೆಂಡತಿಯ ಮುಖ ನೋಡಿದರು.

"ಕೊಡೋ ಪಾತ್ರೆ ಕೊಳೆ ಇರಬಾರದು, ಬರಿದೂ ಇರಬಾರದು ಅಂತ ಎಲ್ಲ ಲೋಟನೂ ಒಂದೇ ಬಾನಿಗೆ ಹಾಕಿ ತೊಳೆದು ಸಕ್ಕರೆ ತುಂಬ್ದೆ," ಎಂದರು ಗಿರಿಜಮ್ಮ. "ಇಂಥ ಡಬ್ಬಕ್ಕೆ ಇಂಥದೇ ಲೋಟ ಅಂತ ಮೂವತ್ತು ವರ್ಷದಲ್ಲಿ ಒಂದಿನ ಹೇಳಿದ್ರಾ ನಂಗೆ?"

ಹೇಳಿರಲಿಲ್ಲ. ಚನ್ನವೀರಪ್ಪ ಅಂಗಳಕ್ಕಿಳಿದು ಆಳುಗಳನ್ನು ಕೂಗಿದರು. "ನಮ್ಮ ತೋಟದ ಪೈಪ್ ಬಿಚ್ರೋ. ಪಂಪೂ ಜೀಪಿಗೆ ಹಾಕಿ. ಮೊದ್ಲು ರತ್ನಮ್ಮನ ಹೂವು, ಆಮೇಲೆ ನಮ್ದು." ಮಧ್ಯಾಹ್ನ ಊಟದ ಹೊತ್ತಿಗೆ ರತ್ನಮ್ಮನ ಕೆರೆಯಿಂದ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ನಾನು ಸಂಜೆಯವರೆಗೆ ಅಲ್ಲೇ ನಿಂತೆ. ನಿಂತು ಮಾಡುವುದೇನೂ ಇರಲಿಲ್ಲ, ಬಿಟ್ಟು ಹೋಗಲು ಕಾಲು ಬರಲಿಲ್ಲ.

ಲೋಟ ಅದಲುಬದಲಾಗಿರಬಹುದು, ಇವತ್ತೇ ಮಣ್ಣು ಅಗೆದು ನೋಡಿ ನೀರು ಕೊಡಿ ಎಂದು ಅಲ್ಲಿಂದಲೇ ಗುಂಪಿಗೆ ಬರೆದೆ. ಮಾರನೆಯ ದಿನ ಎಲ್ಲರೂ ಗೇಜು, ಲೋಟ ಹಿಡಿದು ಚನ್ನವೀರಪ್ಪನವರ ಅಂಗಳಕ್ಕೆ ಬಂದರು. ಹನ್ನೊಂದು ಜೋಡಿ ಅದಲುಬದಲಾಗಿತ್ತು. ಒಂದೊಂದಾಗಿ ಕೂಡಿಸುತ್ತ ಬಂದರೆ ಕೊನೆಗೆ ರತ್ನಮ್ಮನ ಎಂಟು ಇಂಚಿನ ಗೇಜಿಗೆ ಲೋಟವಿಲ್ಲ, ಐದು ಇಂಚಿನ ಒಂದು ಲೋಟಕ್ಕೆ ಗೇಜಿಲ್ಲ. ಗಿರಿಜಮ್ಮ ಒಳಗೆ ಹೋಗಿ ರವೆ ಮೆತ್ತಿದ ಒಂದು ಲೋಟ ತಂದರು. ಅದು ಎಂಟು ಇಂಚಿನದೇ. "ಹಂಚಿದ ಮೇಲೆ ಇದೊಂದು ಉಳೀತು. ಉಪ್ಪಿಟ್ಟಿಗೆ ರವೆ ಅಳೆಯಕ್ಕೆ ಇಟ್ಕೊಂಡಿದ್ದೆ."

ಅಲ್ಲಿಗೆ ಲೋಟ ಇಪ್ಪತ್ತನಾಲ್ಕಾಯಿತು, ಗೇಜು ಇಪ್ಪತ್ತಮೂರೇ. ಎಲ್ಲರೂ ಚನ್ನವೀರಪ್ಪನವರನ್ನು ನೋಡಿದರು. ಅವರು ಮಾಡಿನ ಹೆಂಚು ಎಣಿಸುವವರಂತೆ ಸ್ವಲ್ಪ ಹೊತ್ತು ಮೇಲೆ ನೋಡಿ, ಎದ್ದು ಕೊಟ್ಟಿಗೆಯ ಹಿಂದಕ್ಕೆ ಹೋದರು. ಬರುವಾಗ ಕೈಯಲ್ಲಿ ಐದು ಇಂಚಿನ ತಾಮ್ರದ ಗೇಜಿತ್ತು.

"ನಮ್ಮಪ್ಪಂದು. ಕೊಡಕ್ಕೆ ಕೈ ಬರಲಿಲ್ಲ. ಲೋಟ ಕೇಳಿದ್ರೆ ಸಿಕ್ಕಿಬೀಳ್ತೀನಿ ಅಂತ ಸುಮ್ನಿದ್ದೆ."

"ಮತ್ತೆ ಮಳೆ ಹೆಂಗೆ ಅಳೆದ್ರಿ?" ಎಂದರು ರತ್ನಮ್ಮ.

"ಕಾಫಿ ಲೋಟದಲ್ಲಿ ಕಣಮ್ಮ. ಮೊನ್ನೆ ಒಂದೂಮುಕ್ಕಾಲು ಲೋಟ ಬಂತು."

ಅಂಗಳವೆಲ್ಲ ನಕ್ಕಿತು, ಅವರೂ ನಕ್ಕರು. ಆಮೇಲೆ ಗೇಜನ್ನು ನನ್ನ ಕಡೆ ಚಾಚಿ, "ಇದನ್ನೂ ಯಾರಿಗಾದ್ರೂ ಕೊಟ್ಬಿಡಿ ಸಾಹೇಬ್ರೇ. ಬಿಟ್ಟ ಮೇಲೆ ಪೂರ್ತಿ ಬಿಡ್ಬೇಕು," ಎಂದರು. ದನಿ ಮಾತ್ರ ಸಣ್ಣದಾಗಿತ್ತು.

ನಾನು ಕೈ ಚಾಚುವ ಮೊದಲೇ ಗಿರಿಜಮ್ಮ ನಡುವೆ ಬಂದು ಗೇಜನ್ನು ತೆಗೆದುಕೊಂಡರು. ಉಳಿದ ಲೋಟವನ್ನು ಸೆರಗಿನಲ್ಲಿ ಒರೆಸಿ ಅದರ ಜೊತೆಗಿಟ್ಟು ಗಂಡನ ಕೈಗೇ ಕೊಟ್ಟರು.

"ಇಪ್ಪತ್ತನಾಲ್ಕಿದ್ರೆ ಹುಚ್ಚು ಕಣ್ರೀ. ಒಂದಿದ್ರೆ ಮನೆ ಸಾಮಾನು. ಕೊಟ್ಟಿಗೆ ಹಿಂದೆ ಯಾಕೆ, ಅಂಗಳದಲ್ಲೇ ಇಡಿ."

ವಾರದ ಮೇಲೆ ರತ್ನಮ್ಮನ ಮೂರೆಕರೆಯೂ ಬೆಳ್ಳಗೆ ಅರಳಿ ನಿಂತಿತು. ಘಮಕ್ಕೆ ಜೀಪು ನಿಲ್ಲಿಸಿ ಇಳಿದೆ.

ಅಂದಿನಿಂದ ಯಾರೇ ಮಳೆಯ ಲೆಕ್ಕ ಹೇಳಿದರೂ, ಲೋಟ ಯಾವುದು, ಮಣ್ಣು ಏನು ಹೇಳುತ್ತದೆ ಎಂದು ಕೇಳದೆ ನಾನು ಸಲಹೆ ಕೊಡಲಿಲ್ಲ. ಅಂದು ಗಿರಿಜಮ್ಮ ಕಲಿಸಿದ ಇನ್ನೊಂದು ಪಾಠವೂ ಇದೆ. ಹಳೆಯ ಗಿಡ ಕಿತ್ತು ಹೊಸ ತಳಿ ನೆಡಿ ಎಂದು ಬೆಳೆಗಾರರನ್ನು ಒಪ್ಪಿಸುವುದು ನನ್ನ ಕರ್ತವ್ಯವೇ ಆಗಿತ್ತು. ಉಳಿದ ಎರಡು ವರ್ಷವೂ ಅದನ್ನು ಮಾಡಿದೆ. ಆದರೆ ಹೊರಡುವಾಗ ಪ್ರತಿ ಮನೆಯಲ್ಲೂ ಒಂದು ಮಾತು ಸೇರಿಸುತ್ತಿದ್ದೆ: "ಎಲ್ಲ ಕೀಳಿ. ನಿಮ್ಮಪ್ಪ ನೆಟ್ಟ ಒಂದು ಗಿಡ ಮಾತ್ರ ಅಂಗಳದ ಬದಿಯಲ್ಲಿ ಇರಲಿ."