ನೆಗಡಿಗೂ ಸೂಜಿಯೇ ಎಂದಿದ್ದ ನಮ್ಮತ್ತೆ

ಮಿರ್ಚಿ ಭಜಿ ತಟ್ಟೆಯಲ್ಲೇ ಆರಿತು. ಅತ್ತೆ ಕೈ ಹಚ್ಚಲಿಲ್ಲ.

ನನಗೆ ಹೆದರಿಕೆ ಹುಟ್ಟಿದ್ದು ಆಗಲೇ. ನಮ್ಮತ್ತೆ ಶರಣಮ್ಮನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆಯಿದೆ, ದಮ್ಮೂ ಇದೆ. ಆದರೆ ಜ್ವರ ಬಂದಾಗಲೂ ಭಜಿ ಬಿಟ್ಟವರಲ್ಲ. ಮಳೆಗಾಲಕ್ಕೆ ಮುಂಚೆ ಶಹಾಪುರದ ನಮ್ಮ ಡಾಕ್ಟರಮ್ಮ ಫ್ಲೂ ವ್ಯಾಕ್ಸಿನ್ ಹಾಕಿಸಿಕೊಳ್ಳಿ ಎಂದಿದ್ದರು. ಅತ್ತೆ ಒಲ್ಲೆನೆಂದು ಕೊಟ್ಟ ಉತ್ತರಕ್ಕೆ ಕಾಂಪೌಂಡರ್ ಕೂಡ ನಕ್ಕಿದ್ದ.

“ಸಕ್ಕರಿಗಿ ಗುಳಿಗಿ, ದಮ್ಮಿಗಿ ಪಂಪು. ಇನ್ನ ನೆಗಡಿಗೂ ಸೂಜಿ ಏನ್ರಿ? ಊರಾಗ ಶುಂಠಿ ಸಿಗಂಗಿಲ್ಲೇನು?”

ಭಜಿ ಬಿಟ್ಟ ಆ ದಿನ ಚಳಿ, ಮೈಕೈ ನೋವು. ಕಷಾಯ ಕುಡಿದರು. ಸರಿಯಾಗಿ ಕುದಿಸಿಲ್ಲವೆಂದು ನನ್ನನ್ನು ಬೈದರು. ಮರುದಿನ ಬೈಯಲು ಶುರು ಮಾಡಿದವರು ಅರ್ಧಕ್ಕೇ ನಿಂತರು.

ಉಸಿರು ಸಾಲಲಿಲ್ಲ.

ಯಾದಗಿರಿಯ ಆಸ್ಪತ್ರೆಗೆ ಒಯ್ದೆವು. “ಏನೂ ಆಗಂಗಿಲ್ಲ ಯವ್ವಾ” ಎಂದು ನನ್ನ ಗಂಡ ದಾರಿಯುದ್ದಕ್ಕೂ ಹೇಳುತ್ತಿದ್ದರು. ಟೆಸ್ಟ್ ಮಾಡಿಸಿದ ಡಾಕ್ಟರ್, ಇದು ಇನ್‌ಫ್ಲುಯೆಂಝಾ, ಅದೇ ಫ್ಲೂ, ನ್ಯುಮೋನಿಯಾಕ್ಕೆ ತಿರುಗಿದೆ ಎಂದರು. ದಮ್ಮು, ಸಕ್ಕರೆ ಇದ್ದವರಿಗೆ ಇದು ಎಷ್ಟೋ ಸಲ ಬರೀ ನೆಗಡಿಯಾಗಿ ಉಳಿಯುವುದಿಲ್ಲವಂತೆ. ಆಕ್ಸಿಜನ್ ಮಾಸ್ಕ್ ಹಾಕಿದರು.

ಇದಕ್ಕೂ ಬಗ್ಗದಿದ್ದರೆ ವೆಂಟಿಲೇಟರ್.

ಅತ್ತೆ ಮಾಸ್ಕಿನೊಳಗಿಂದಲೇ ಏನೋ ಹೇಳುತ್ತ ಕೈಯಾಡಿಸಿದರು. ನನ್ನ ಗಂಡ ದಿಂಬು ತಂದರು. ಮತ್ತೆ ಕೈಯಾಡಿಸಿದರು. ನೀರು ತಂದರು, ಬೆಡ್‌ಪ್ಯಾನ್ ತಂದರು, ಕೊನೆಗೆ ನರ್ಸನ್ನೇ ಕರೆತಂದರು. ನರ್ಸ್ ಮಾಸ್ಕನ್ನು ತುಸು ಎತ್ತಿದಳು.

“ಇವನ್ನ ಹೊರಗ ಕಳಸ್ರಿ. ಆಗಿನಿಂದ ಅಳಾಕತ್ತಾನ.”

ವಾರ್ಡಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ವೆಂಟಿಲೇಟರ್ ಬೇಕಾಗಲಿಲ್ಲ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್, ಪೂರ್ತಿ ಚೇತರಿಸಿಕೊಂಡ ಮೇಲೆ ವ್ಯಾಕ್ಸಿನ್ ಹಾಕಿಸಿ, ವರ್ಷಕ್ಕೊಮ್ಮೆ ತಪ್ಪಿಸಬೇಡಿ ಎಂದರು.

“ಹಾಕಿಸ್ಕೊಂಡ್ರ ಮತ್ತ ಬರಂಗಿಲ್ಲೇನ್ರಿ?” ಅತ್ತೆ ಕೇಳಿದರು.

“ಬರಬಹುದಮ್ಮ. ಆದ್ರ ಇಷ್ಟು ಜೋರ್ ಆಗೋದು ಕಮ್ಮಿ.”

ಮೊನ್ನೆ ಶಹಾಪುರದಲ್ಲಿ ಹಾಕಿಸಿಕೊಂಡರು. ಪಕ್ಕದ ಮನೆಯ ಖಾಜಾಬಿಗೂ ವಯಸ್ಸಾಗಿದೆ, ಹೃದಯದ ತೊಂದರೆಯಿದೆ. ಅವರನ್ನೂ ಅತ್ತೆಯೇ ಹೊರಡಿಸಿಕೊಂಡು ಬಂದಿದ್ದರು.

“ನೋಯ್ತದೇನವ್ವ?” ಎಂದರು ಖಾಜಾಬಿ.

“ನೋಯ್ತದ. ತೋಳು ಮುಂದ ಮಾಡು.”

ಈಗಲೂ ಅತ್ತೆ ಕೆಮ್ಮಿದರೆ ನನ್ನ ಕೈಲಿರುವ ಕೆಲಸ ನಿಲ್ಲುತ್ತದೆ. ಪೂರ್ತಿ ಧೈರ್ಯ ಬಂದಿಲ್ಲ. ಆದರೆ ಅಂದು ಬಜಾರಿನವರೆಗೂ ಇಬ್ಬರೂ ತೋಳು ಉಜ್ಜಿಕೊಳ್ಳುತ್ತ ನನ್ನ ಮುಂದೆಯೇ ನಡೆದರು. ಮಾತಿನ ನಡುವೆ ಅತ್ತೆ ಉಸಿರಿಗೆಂದು ಒಮ್ಮೆಯೂ ನಿಲ್ಲಲಿಲ್ಲ. ಪಾಪ, ಖಾಜಾಬಿಗೆ ಒಂದು ಮಾತಾಡಲೂ ಸಂದು ಸಿಗಲಿಲ್ಲ.